ತವರಿಗೆ ಸಿಹಿಯ ಡಬ್ಬ ಬೇಡವೆಂದರೆ ಮಕ್ಕಳಿಗೆ ಏನು ಒಯ್ಯಲಿ?

ಪ್ರಶ್ನೆ: ನಾನು ತುಮಕೂರಿನವಳು. ಪ್ರತಿವರ್ಷ ದೀಪಾವಳಿಗೆ ಬೆಂಗಳೂರಿನಲ್ಲಿರುವ ತಮ್ಮನ ಮನೆಗೆ ಹೋಗುತ್ತೇನೆ. ಅವನಿಗೆ ಮೂವರು ಮಕ್ಕಳು: 11 ವರ್ಷದ ಹುಡುಗಿ, 6 ವರ್ಷದ ಹುಡುಗ, 3 ವರ್ಷದ ಚಿಕ್ಕವಳು. ಹೋಗುವಾಗ ಎರಡು ಕಿಲೋ ಸಿಹಿತಿಂಡಿ, ಒಂದು ದೊಡ್ಡ ಚಾಕೊಲೇಟ್ ಡಬ್ಬ ಒಯ್ಯುವುದು ರೂಢಿ. ಕಳೆದ ತಿಂಗಳು ಹುಡುಗನ ಮೂರು ಹಾಲುಹಲ್ಲುಗಳಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದರಂತೆ. “ಅಕ್ಕಾ, ಈ ಸಲ ದಯವಿಟ್ಟು ಸಿಹಿ ತರಬೇಡಿ” ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ನನಗೆ ಬೇಸರವೇನಿಲ್ಲ, ಆದರೆ ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಬೆಲ್ಲದ ಸಿಹಿಯಾದರೆ ಆದೀತೇ? ಶುಗರ್‌ಫ್ರೀ ಚಾಕೊಲೇಟ್ ಒಳ್ಳೆಯದೇ? ಸಂಕ್ರಾಂತಿಗೆ ನಾನೇ ಕೈಯಾರೆ ಸಕ್ಕರೆ ಅಚ್ಚು ಮಾಡಿ ಕಳಿಸುತ್ತೇನೆ, ಅದನ್ನೂ ನಿಲ್ಲಿಸಬೇಕೇ?

ಉತ್ತರ: ನಿಮ್ಮ ತಮ್ಮನ ಹೆಂಡತಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದೂ ನೀವು ಅದನ್ನು ಬೇಸರವಿಲ್ಲದೆ ಕೇಳಿಸಿಕೊಂಡದ್ದೂ ಸಣ್ಣ ಸಂಗತಿಯಲ್ಲ. ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬರುವ ಎಷ್ಟೋ ತಾಯಂದಿರು ಇದೊಂದು ಮಾತನ್ನು ಮನೆಯ ಹಿರಿಯರಿಗೆ ಹೇಳಲಾಗದೆ, “ನೀವೇ ಒಂದು ಚೀಟಿಯಲ್ಲಿ ಬರೆದುಕೊಡಿ ಡಾಕ್ಟರೇ” ಎಂದು ಕೇಳುವುದುಂಟು.

ಮೊದಲು ನೇರ ಉತ್ತರವನ್ನು ಕೊಟ್ಟುಬಿಡುತ್ತೇನೆ. ಹಬ್ಬದ ದಿನ ಎಲೆಯ ಮೇಲೆ ಬಡಿಸಿ ಮುಗಿಸುವಷ್ಟು ಸಿಹಿಯನ್ನು, ತಾಯಿಯ ಒಪ್ಪಿಗೆ ಕೇಳಿಕೊಂಡು, ನೀವು ಒಯ್ಯಬಹುದು. ಒಯ್ಯಬಾರದ್ದು, ಹಬ್ಬ ಮುಗಿದು ನೀವು ತುಮಕೂರಿನ ಬಸ್ಸು ಹತ್ತಿದ ಮೇಲೂ ಆ ಮನೆಯ ಫ್ರಿಜ್ಜಿನಲ್ಲೋ ಕಪಾಟಿನಲ್ಲೋ ಉಳಿದು, ದಿನಕ್ಕೆ ಐದಾರು ಸಲ ಮಕ್ಕಳ ಕೈಗೆ ಸಿಗುವ ಡಬ್ಬವನ್ನು. ಹಬ್ಬದ ಒಂದು ದಿನದ ಊಟದಿಂದ ಹಲ್ಲು ಹಾಳಾಯಿತೆನ್ನಬಹುದಾದ ಮಗುವನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಮರುದಿನದಿಂದ ಆರಂಭವಾಗಿ ಮೂರು ವಾರ ನಡೆಯುವ ಡಬ್ಬದ ವ್ಯವಹಾರವೇ ನಮ್ಮ ಕುರ್ಚಿಗೆ ಮಕ್ಕಳನ್ನು ಕರೆತರುವುದು.

ಇದು ಹೀಗೇಕೆ ಎಂಬುದನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ನಿಂತಾಗ ನಿಮಗೇ ತೀರ್ಮಾನ ಮಾಡಲು ಬರುತ್ತದೆ. ಹಲ್ಲಿಗೆ ಹುಳು ಹಿಡಿದಿದೆ ಎಂದು ನಾವು ಹೇಳುತ್ತೇವಾದರೂ ಅಲ್ಲಿ ಹುಳುವೇನೂ ಇರುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ವಸಡಿನ ಅಂಚಿನಲ್ಲಿ ಉಗುರಿನಿಂದ ಕೆರೆದರೆ ಮೆತ್ತನೆಯ ಬಿಳಿ ಪದರವೊಂದು ಬರುತ್ತದಲ್ಲ, ಅದರಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು (ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದು ಅವುಗಳಲ್ಲಿ ಹೆಸರಾದದ್ದು) ನಾವು ತಿಂದ ಸಕ್ಕರೆಯನ್ನು ತಾವೂ ತಿಂದು ಆಮ್ಲವನ್ನು ಹೊರಬಿಡುತ್ತವೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಆ ಪದರದ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿಯುತ್ತದೆ, ಆಗ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರತೊಡಗುತ್ತವೆ. ಆಮೇಲೆ ಜೊಲ್ಲು ತನ್ನ ಕೆಲಸಕ್ಕೆ ಇಳಿದು, ಆಮ್ಲವನ್ನು ತೊಳೆದು ತಗ್ಗಿಸಿ, ಕಳೆದುಹೋದ ಖನಿಜದಲ್ಲಿ ಒಂದಿಷ್ಟನ್ನು ಹಲ್ಲಿಗೆ ಮರಳಿ ತುಂಬುತ್ತದೆ. ಈ ರಿಪೇರಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಮತ್ತು ಆ ಅವಧಿಯಲ್ಲಿ ಬಾಯಿಗೆ ಬೇರೇನೂ ಬೀಳಬಾರದು.

ಹೀಗಾಗಿ ಹಲ್ಲು ಎಣಿಸುವುದು ಸಿಹಿಯ ತೂಕಕ್ಕಿಂತ ಹೆಚ್ಚಾಗಿ ಸಿಹಿ ತಿಂದ ಸರದಿಯನ್ನು. ಒಂದು ಮಗು ಊಟದ ಜೊತೆಗೆ ಒಂದೇ ಸಲ ನಾಲ್ಕು ಚಾಕೊಲೇಟ್ ತಿಂದರೆ ಹಲ್ಲಿಗೆ ಬೀಳುವುದು ಒಂದು ಪೆಟ್ಟು. ಇನ್ನೊಂದು ಮಗು ಅದೇ ನಾಲ್ಕನ್ನು ಬೆಳಿಗ್ಗೆ ಒಂದು, ಶಾಲೆಯಿಂದ ಬಂದ ಮೇಲೆ ಒಂದು, ಹೋಂವರ್ಕ್ ಮಾಡುತ್ತ ಒಂದು, ಮಲಗುವ ಮುನ್ನ ಒಂದು ಎಂದು ಹಂಚಿಕೊಂಡು ತಿಂದರೆ ನಾಲ್ಕು ಪೆಟ್ಟು. ಎರಡನೆಯ ಮಗುವನ್ನು ನಾವು “ಎಷ್ಟು ಒಳ್ಳೆಯದು, ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ” ಎಂದು ಹೊಗಳುತ್ತೇವೆ! ಮಲಗುವ ಮುನ್ನ ತಿಂದದ್ದಂತೂ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಒಸರುವುದು ಬಹಳ ಕಡಿಮೆಯಾಗಿ ರಿಪೇರಿ ಮಾಡುವವರೇ ಇಲ್ಲದಂತಾಗುತ್ತದೆ.

ಇದು ಇಂದು ನಿನ್ನೆ ತಿಳಿದದ್ದಲ್ಲ. 1940ರ ದಶಕದಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದ ವಿಪೆಹೋಲ್ಮ್ ಎಂಬ ಸಂಸ್ಥೆಯಲ್ಲಿ, ಬುದ್ಧಿಮಾಂದ್ಯರೆಂದು ದಾಖಲಾಗಿದ್ದ ನಿವಾಸಿಗಳಿಗೆ ಬೇರೆ ಬೇರೆ ಬಗೆಯಲ್ಲಿ ಸಿಹಿ ಕೊಟ್ಟು ಹಲ್ಲು ಹೇಗೆ ಕೆಡುತ್ತದೆಂದು ವರ್ಷಗಟ್ಟಲೆ ನೋಡಿದರು. ಒಪ್ಪಿಗೆ ಕೊಡಲಾಗದವರ ಬಾಯಲ್ಲಿ ಬೇಕೆಂದೇ ಹುಳುಕು ಹುಟ್ಟಿಸಿದ ಆ ಪ್ರಯೋಗವನ್ನು ಇಂದು ಯಾರೂ ಸಮರ್ಥಿಸಲಾರರು, ನಮ್ಮ ವೃತ್ತಿಯ ಚರಿತ್ರೆಯಲ್ಲಿ ಅದೊಂದು ನಾಚಿಕೆಯ ಪುಟ. ಆದರೂ ಅದರಿಂದ ಹೊರಬಂದ ವಿಷಯ ಖಚಿತವಾಗಿತ್ತು: ಊಟದ ಜೊತೆಯಲ್ಲಿ ಸಕ್ಕರೆ ತಿಂದವರ ಹಲ್ಲು ಅಷ್ಟೇನೂ ಕೆಡಲಿಲ್ಲ, ಊಟಗಳ ನಡುವೆ ಅಂಟು ಟಾಫಿಯನ್ನು ಮತ್ತೆ ಮತ್ತೆ ತಿಂದವರ ಹಲ್ಲು ವಿಪರೀತ ಕೆಟ್ಟಿತು. ಮಕ್ಕಳಿಗೆ ವಾರಕ್ಕೊಮ್ಮೆ, ಶನಿವಾರ ಮಾತ್ರ ಮಿಠಾಯಿ ಎಂಬ ಪದ್ಧತಿ ಸ್ವೀಡನ್ನಿನ ಮನೆಗಳಲ್ಲಿ ಬೇರೂರಿದ್ದು ಆ ಬಳಿಕವೇ, ಅದು ಇಂದಿಗೂ ನಡೆದಿದೆ. ಹಬ್ಬಕ್ಕೆ ಮಾತ್ರ ಒಬ್ಬಟ್ಟು ಬೇಯಿಸುತ್ತಿದ್ದ ನಮ್ಮ ಅಜ್ಜಿಯರ ಅಡುಗೆಮನೆಯೂ ಗೊತ್ತಿಲ್ಲದೆಯೇ ಅದೇ ನಿಯಮವನ್ನು ಪಾಲಿಸುತ್ತಿತ್ತು.

ಈಗ ನಿಮ್ಮ ತಮ್ಮನ ಮಗನ ಬಾಯಿಯ ವಿಷಯಕ್ಕೆ ಬರುತ್ತೇನೆ, ಉಡುಗೊರೆಯ ಆಯ್ಕೆಗೂ ಅದಕ್ಕೂ ಸಂಬಂಧವಿದೆ. ಹಾಲುಹಲ್ಲಿನ ಎನಾಮೆಲ್ ದೊಡ್ಡವರ ಹಲ್ಲಿನದಕ್ಕಿಂತ ಬಹಳ ತೆಳು, ಹೆಚ್ಚುಕಡಿಮೆ ಅರ್ಧದಷ್ಟು. ಆದ್ದರಿಂದಲೇ ಮೇಲೆ ಸಾಸಿವೆ ಕಾಳಿನಷ್ಟು ಕಾಣುವ ಕಪ್ಪು ಚುಕ್ಕೆಯ ಕೆಳಗೆ ಹುಳುಕು ಆಗಲೇ ನರವನ್ನು ಮುಟ್ಟಿರುತ್ತದೆ, ತಾಯಿತಂದೆಯರಿಗೆ ಆಶ್ಚರ್ಯವಾಗುತ್ತದೆ. ಅವನಿಗೆ ಹಾಕಿರುವ ಕ್ಯಾಪ್‌ಗಳನ್ನು ಸಿಮೆಂಟಿನಿಂದ ಕೂರಿಸಿರುತ್ತಾರೆ. ಜಗಿದಂತೆಲ್ಲ ಎಳೆಯುವ ಟಾಫಿ, ಜೆಲ್ಲಿ, ಗಟ್ಟಿಪಾಕದ ಚಿಕ್ಕಿ ಇವು ಆ ಕ್ಯಾಪನ್ನು ಕಿತ್ತುಕೊಂಡೇ ಬಂದಾವು. ಟಾಫಿಯೊಳಗೆ ಹುದುಗಿದ ಕ್ಯಾಪನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದ ಮಕ್ಕಳನ್ನು ನಾನು ಕಂಡಿದ್ದೇನೆ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಸುಮಾರು 6ನೇ ವರ್ಷದಲ್ಲಿ ಕೊನೆಯ ಹಾಲುದವಡೆಯ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ಹೊಸ ದವಡೆಹಲ್ಲು ಸದ್ದಿಲ್ಲದೆ ಮೂಡುತ್ತದೆ. ಬಾಚಿಹಲ್ಲು ಬಿದ್ದರೆ ಮನೆಯವರೆಲ್ಲ ನೋಡುತ್ತಾರೆ, ಇದನ್ನು ಯಾರೂ ನೋಡುವುದಿಲ್ಲ. ಹಾಲುಹಲ್ಲುಗಳು ಒಟ್ಟು 20, ಅವೆಲ್ಲ ಬಿದ್ದುಹೋಗುವಂಥವು. ಈ ದವಡೆಹಲ್ಲು ಮಾತ್ರ ಶಾಶ್ವತ ಹಲ್ಲು, ಬಿದ್ದರೆ ಇನ್ನೊಂದು ಬರುವುದಿಲ್ಲ. ಹೊಸದಾಗಿ ಮೂಡಿದಾಗ ಅದರ ನೆತ್ತಿಯ ಮೇಲಿನ ಗೀರುಗಳು ಬ್ರಷ್ಷಿನ ಒಂದು ಕೂದಲೂ ತಳ ಮುಟ್ಟದಷ್ಟು ಆಳವಾಗಿರುತ್ತವೆ, ಎನಾಮೆಲ್ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ನಿಮ್ಮ ಹುಡುಗ ಈಗ ಸರಿಯಾಗಿ ಆ ಘಟ್ಟದಲ್ಲಿದ್ದಾನೆ. ಈ ವರ್ಷದ ದೀಪಾವಳಿಯಿಂದ ಬರುವ ವರ್ಷದ ದೀಪಾವಳಿಯವರೆಗೆ ಅವನ ಮನೆಯಲ್ಲಿ ಡಬ್ಬಗಳು ಕಡಿಮೆಯಿದ್ದಷ್ಟೂ ಆ ಹಲ್ಲು ಉಳಿಯುವ ಸಂಭವ ಹೆಚ್ಚು.

ನಮ್ಮ ಸಿಹಿಗಳೆಲ್ಲ ಒಂದೇ ಬಗೆಯವಲ್ಲ. ಹಲ್ಲಿನ ಕಡೆಯಿಂದ ನೋಡಿದರೆ ಬೇಗ ಕರಗಿ ಗಂಟಲಿಳಿಯುವುದು ವಾಸಿ, ಬಾಯಲ್ಲಿ ಬಹಳ ಹೊತ್ತು ಉಳಿಯುವುದು ಅಪಾಯ. ತುಪ್ಪ ಸುರಿದ ಮೈಸೂರು ಪಾಕು ನಾಲಿಗೆಯ ಮೇಲೆ ಇಟ್ಟ ಕೂಡಲೇ ಕರಗುತ್ತದೆ. ಒಬ್ಬಟ್ಟನ್ನು ಊಟದ ಮಧ್ಯೆ ಹಾಲಿನಲ್ಲೋ ತುಪ್ಪದಲ್ಲೋ ಅದ್ದಿ ತಿನ್ನುತ್ತೇವೆ, ಬಳಿಕ ಅನ್ನ, ಸಾರು, ಮಜ್ಜಿಗೆ ಬಂದು ಬಾಯಿಯನ್ನು ತೊಳೆದುಬಿಡುತ್ತವೆ. ಧಾರವಾಡ ಪೇಡ ಸ್ವಲ್ಪ ಮೆತ್ತಿಕೊಂಡರೂ ಅದು ಹಾಲಿನದು. ಅಂಟು ಹಾಕಿ ಮಾಡುವ ಗೋಕಾಕದ ಕರದಂಟು, ಚಿಕ್ಕಿ, ಜೆಲ್ಲಿ, ಟಾಫಿ ಇವು ದವಡೆಯ ಗೀರಿನೊಳಗೆ ಹೊಕ್ಕು ಗಂಟೆಗಟ್ಟಲೆ ಕೂರುತ್ತವೆ. ಕಡ್ಡಿಗೆ ಅಂಟಿಸಿದ ಲಾಲಿಪಾಪನ್ನು ನಾನು ಎಲ್ಲಕ್ಕಿಂತ ಕೆಟ್ಟದ್ದೆಂದು ಎಣಿಸುತ್ತೇನೆ, ಏಕೆಂದರೆ ಹೆಚ್ಚು ಹೊತ್ತು ಚೀಪಲೆಂದೇ ಅದನ್ನು ಮಾಡಿರುವುದು. ಮೈಸೂರು ಪಾಕಿನ ಪರವಾಗಿ ದಂತವೈದ್ಯೆಯೊಬ್ಬಳು ವಾದಿಸುತ್ತಿದ್ದಾಳೆಂದು ನಿಮಗೆ ನಗು ಬರಬಹುದು. ಅದರ ತುಪ್ಪ ಸಕ್ಕರೆಯ ಬಗ್ಗೆ ಮಾತಾಡಬೇಕಾದವರು ಬೇರೆ ವೈದ್ಯರು, ನಾನು ಹಲ್ಲಿನ ಮಟ್ಟಿಗೆ ಹೇಳುತ್ತಿದ್ದೇನೆ.

ನೀವು ಕೇಳಿದ ಬೆಲ್ಲದ ವಿಷಯ. ಬೆಲ್ಲದಲ್ಲಿ ಕಬ್ಬಿಣವೇ ಮೊದಲಾದ ಖನಿಜಗಳು ಅಲ್ಪಸ್ವಲ್ಪ ಇರುವುದು ನಿಜ, ಆದರೆ ಅದರ ಬಹುಪಾಲು ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ಕಬ್ಬಿನ ಹಾಲನ್ನು ಕುದಿಸಿ ಗಟ್ಟಿಮಾಡಿದ್ದು ಬೆಲ್ಲ, ಅದನ್ನೇ ಶುದ್ಧೀಕರಿಸಿ ಹರಳು ಮಾಡಿದ್ದು ಸಕ್ಕರೆ, ಬ್ಯಾಕ್ಟೀರಿಯಾಕ್ಕೆ ಎರಡರ ನಡುವೆ ಭೇದವಿಲ್ಲ. ಬೆಲ್ಲದ ಪಾಕಕ್ಕೆ ಅಂಟುಗುಣವೂ ಸೇರಿದೆ. ಜೇನುತುಪ್ಪಕ್ಕೂ ಇದೇ ಮಾತು. ಹಬ್ಬದ ದಿನಗಳಲ್ಲಿ ಈಗ ಬಹಳ ಓಡಾಡುವ ಒಣಹಣ್ಣಿನ ಪೆಟ್ಟಿಗೆಯ ಮೇಲೂ ಒಂದು ಕಣ್ಣಿರಲಿ. ಬಾದಾಮಿ, ಪಿಸ್ತಾ, ಗೋಡಂಬಿ ಹಲ್ಲಿಗೆ ನಿಜಕ್ಕೂ ಸ್ನೇಹಿತರು. ಅದೇ ಪೆಟ್ಟಿಗೆಯ ಖರ್ಜೂರ, ಅಂಜೂರ, ಒಣದ್ರಾಕ್ಷಿಗಳಲ್ಲಿ ತೂಕದ ಸುಮಾರು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆಯಿರುವುದು ಸಾಮಾನ್ಯ, ಮೇಲಾಗಿ ಅವು ಹಲ್ಲಿಗೆ ಮೆತ್ತಿಕೊಳ್ಳುತ್ತವೆ. ಅವುಗಳಲ್ಲಿ ಪೋಷಕಾಂಶವಿದೆಯೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ, ಊಟದ ಜೊತೆಗೆ ಎರಡು ಖರ್ಜೂರ ಕೊಡಲಿ. ಜೇಬಿಗೆ ಒಣದ್ರಾಕ್ಷಿ ತುಂಬಿಕೊಂಡು ಸಂಜೆಯಿಡೀ ಒಂದೊಂದೇ ಬಾಯಿಗೆ ಹಾಕಿಕೊಳ್ಳುವುದು ಬೇಡ. 3 ವರ್ಷದವಳಿಗೆ ಇಡಿಯ ಬಾದಾಮಿ, ಕಡಲೆಕಾಯಿ ಬೀಜ ಕೊಡಲೇಬಾರದು, ಅವು ಉಸಿರುನಾಳಕ್ಕೆ ಹೋಗುವ ಅಪಾಯವಿದೆ. ಅವಳಿಗೆ ಪುಡಿಮಾಡಿಯೇ ಕೊಡಬೇಕು.

ಶುಗರ್‌ಫ್ರೀ ಚಾಕೊಲೇಟಿನ ಬಗ್ಗೆ ನನ್ನ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಅದರಲ್ಲಿ ಸಾಮಾನ್ಯವಾಗಿ ಬಳಸುವ ಮಾಲ್ಟಿಟಾಲ್, ಸಾರ್ಬಿಟಾಲ್, ಕ್ಸೈಲಿಟಾಲ್ ಮೊದಲಾದ ಬದಲಿ ಸಿಹಿಕಾರಕಗಳಿಂದ ಬ್ಯಾಕ್ಟೀರಿಯಾಗಳು ಹೇಳಿಕೊಳ್ಳುವಷ್ಟು ಆಮ್ಲವನ್ನು ತಯಾರಿಸಲಾರವು. ಕ್ಸೈಲಿಟಾಲ್ ಮತ್ತು ಹುಳುಕಿನ ಸಂಬಂಧವನ್ನು ಫಿನ್‌ಲೆಂಡಿನ ಟುರ್ಕು ನಗರದಲ್ಲಿ 1970ರ ದಶಕದಲ್ಲೇ ಪರೀಕ್ಷಿಸಿದ್ದಾರೆ. ಆದರೆ ಇವನ್ನು ಹೆಚ್ಚು ತಿಂದರೆ ಮಕ್ಕಳಿಗೆ ಹೊಟ್ಟೆಯುಬ್ಬರ, ಭೇದಿ ಆಗುತ್ತದೆ, ಮತ್ತು ಡಬ್ಬದ ಮೇಲೆ ಶುಗರ್‌ಫ್ರೀ ಎಂದು ಬರೆದಿದ್ದರೆ ಮಕ್ಕಳು ಹೆಚ್ಚೇ ತಿನ್ನುತ್ತಾರೆ. ನಿಮ್ಮ ತಮ್ಮನ ಮನೆಯಲ್ಲಿ ನಾಯಿಯಿದ್ದರೆ ಕ್ಸೈಲಿಟಾಲ್ ಇರುವ ಯಾವುದನ್ನೂ ಒಯ್ಯಬೇಡಿ, ನಾಯಿಗಳಿಗೆ ಅದು ವಿಷ. ಇನ್ನೊಂದು ಮೋಸವೆಂದರೆ “ಸಕ್ಕರೆ ಸೇರಿಸಿಲ್ಲ” ಎಂಬ ಬರಹ. ಸಕ್ಕರೆಯ ಬದಲು ಖರ್ಜೂರದ ಪೇಸ್ಟನ್ನೋ ಹಣ್ಣಿನ ರಸದ ಸಾಂದ್ರವನ್ನೋ ಹಾಕಿದ್ದರೆ ಹಲ್ಲಿಗೆ ಲಾಭವೇನೂ ಆಗಲಿಲ್ಲ. ಹುಳಿ ಪುಡಿ ಉದುರಿಸಿದ ಕ್ಯಾಂಡಿಗಳಂತೂ ಸಕ್ಕರೆಯಿಲ್ಲದಿದ್ದರೂ ಬೇಡ. ಅವುಗಳಲ್ಲಿರುವ ಸಿಟ್ರಿಕ್ ಆಮ್ಲ ಬ್ಯಾಕ್ಟೀರಿಯಾದ ಹಂಗೇ ಇಲ್ಲದೆ ನೇರವಾಗಿ ಎನಾಮೆಲನ್ನು ಸವೆಸುತ್ತದೆ.

ಅಂಗಡಿಯಲ್ಲಿ ಪೊಟ್ಟಣವನ್ನು ತಿರುಗಿಸಿ ಹಿಂಬದಿ ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ. ಪದಾರ್ಥಗಳನ್ನು ಹೆಚ್ಚಿರುವುದರಿಂದ ಕಡಿಮೆಯಿರುವುದರ ಕಡೆಗೆ ಬರೆಯಬೇಕೆಂಬುದು ನಿಯಮ, ಹಾಗಾಗಿ ಮೊದಲ ಮೂರರಲ್ಲಿ ಸಕ್ಕರೆಯಿದ್ದರೆ ಅದನ್ನು ಸಿಹಿಯೆಂದೇ ಪರಿಗಣಿಸಿ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಮಾಲ್ಟೊಡೆಕ್ಸ್‌ಟ್ರಿನ್ ಎಂದಿದ್ದರೂ ಹಲ್ಲಿನ ಪಾಲಿಗೆ ಅದೇ ಕುಟುಂಬ. 4 ಗ್ರಾಂ ಸಕ್ಕರೆ ಎಂದರೆ ಸುಮಾರು ಒಂದು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ 10%ಕ್ಕಿಂತ ಕಡಿಮೆಯಿರಬೇಕೆಂದೂ 5%ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದೆಂದೂ ಹೇಳಿತು. ದಿನಕ್ಕೆ ಸುಮಾರು 1400 ಕಿಲೊಕ್ಯಾಲರಿ ಬೇಕಾಗುವ ಮಗುವಿಗೆ 10% ಎಂದರೆ 35 ಗ್ರಾಂ ಸಕ್ಕರೆ. ಹಾಲು ಚಾಕೊಲೇಟಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಸಕ್ಕರೆಯೇ ಇರುವುದರಿಂದ ನೀವು ಒಯ್ಯುತ್ತಿದ್ದ ದೊಡ್ಡ ಡಬ್ಬದ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು.

ಹಾಗಾದರೆ ಕೈಯಲ್ಲಿ ಏನಿರಬೇಕು? ತಿನ್ನುವುದನ್ನೇ ಒಯ್ಯಬೇಕೆಂಬ ಆಸೆಯಿದ್ದರೆ ಮನೆಯಲ್ಲಿ ಕರಿದ ಚಕ್ಕುಲಿ, ಕೋಡುಬಳೆಯನ್ನು ಊಟಕ್ಕೆ ಸಾಲುವಷ್ಟು ಒಯ್ಯಿರಿ. ಹಿಟ್ಟೂ ಹಲ್ಲಿನ ಸಂದಿಯಲ್ಲಿ ಕೂರುತ್ತದೆಂಬುದು ನಿಜವಾದರೂ ಸಕ್ಕರೆಯಷ್ಟು ಕೇಡಲ್ಲ. 11 ವರ್ಷದವಳ ಹಲ್ಲಿಗೆ ತಂತಿ ಕಟ್ಟಿಸಿದ್ದರೆ ಮಾತ್ರ ಗಟ್ಟಿ ಚಕ್ಕುಲಿ ಅವಳಿಗೆ ಬೇಡ, ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತುಬರುತ್ತದೆ.

ಚಿಕ್ಕವಳಿಗೆ ನಾನು ಆರಿಸುವುದು ಚನ್ನಪಟ್ಟಣದ ಗೊಂಬೆಯನ್ನು. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಆ ಊರಿನಲ್ಲಿ ಆಲೆ ಮರದ ತುಂಡನ್ನು ಲೇತಿಗೆ ಹಾಕಿ ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಮೂರು ವರ್ಷದ ಮಗು ಗೊಂಬೆಯನ್ನು ಕೊಟ್ಟ ಕೂಡಲೇ ಬಾಯಿಗೇ ಇಡುವುದರಿಂದ, ಚೂಪಾದ ಅಂಚಿಲ್ಲದ, ಸಿಪ್ಪೆಯೇಳದ ಈ ಮರದ ಆಟಿಕೆ ಹಲ್ಲಿಗೂ ವಸಡಿಗೂ ಹಿತ. ಸಸ್ಯಮೂಲದ ಬಣ್ಣದ್ದೇ ಎಂದು ಕೇಳಿ ತೆಗೆದುಕೊಳ್ಳಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಆದರೆ ನೋಂದಾಯಿತ ಕುಶಲಕರ್ಮಿಗಳ ತಯಾರಿಕೆಗೂ ಚನ್ನಪಟ್ಟಣದಂಥ ಭೌಗೋಳಿಕ ಸೂಚಿಯ (ಇಂಥ ಊರಿನದೇ ಎಂಬ ಅಧಿಕೃತ ಮಾನ್ಯತೆಯ) ಆಟಿಕೆಗಳಿಗೂ ವಿನಾಯಿತಿಯಿದೆ. ಹಾಗಾಗಿ ಇವುಗಳ ಮೇಲೆ ಆ ಗುರುತು ಇಲ್ಲದಿದ್ದರೆ ಗಾಬರಿಯಾಗಬೇಡಿ. ಮಗುವಿನ ಬಾಯೊಳಗೆ ಪೂರ್ತಿ ಹೋಗುವಷ್ಟು ಸಣ್ಣ ಭಾಗಗಳು ಬೇಡ. ಹಾಡುವ, ಮಿನುಗುವ ಪ್ಲಾಸ್ಟಿಕ್ ಆಟಿಕೆಯಾದರೆ ಒಳಗಿನ ಗುಂಡಿ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು.

ಹುಡುಗನಿಗೆ ಸಿಹಿಯ ಬದಲಿಗೆ ಬಂದದ್ದೆಂದು ಅನ್ನಿಸದಂಥ ವಸ್ತು ಬೇಕು. ಅವನಿಗೆ ಮೂರು ಹಲ್ಲಿನ ಚಿಕಿತ್ಸೆಯಾಗಿದೆ, ಅಕ್ಕತಂಗಿಯರಿಗೆ ಆಗಿಲ್ಲ. ಹೀಗಾಗಿ ತನ್ನಿಂದಾಗಿ ಈ ಸಲ ಅತ್ತೆ ಚಾಕೊಲೇಟ್ ತರಲಿಲ್ಲವೆಂದು ಮನೆಯಲ್ಲಿ ಯಾರಾದರೂ ಆಡಿಬಿಟ್ಟರೆ ಹಬ್ಬವೇ ಅವನಿಗೆ ಶಿಕ್ಷೆಯಾಗುತ್ತದೆ. ಮೂವರಿಗೂ ಒಂದೊಂದು ಉಡುಗೊರೆ, ಯಾರಿಗೂ ಚಾಕೊಲೇಟಿಲ್ಲ, ಕಾರಣವನ್ನು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಮರದ ಬುಗುರಿ ಮತ್ತು ಚಾಟಿ, ಚೌಕಾಬಾರದ ಬಟ್ಟೆ ಮತ್ತು ಕವಡೆ, ಅಳಗುಳಿ ಮಣೆ ಇವುಗಳಲ್ಲಿ ಒಂದನ್ನು ಒಯ್ದು ನೀವೇ ಅವನೊಡನೆ ನೆಲದ ಮೇಲೆ ಕುಳಿತು ಆಡಿಸಿ. ಕವಡೆ ಮತ್ತು ಅಳಗುಳಿಯ ಕಾಳುಗಳು ಚಿಕ್ಕವಳ ಕೈಗೆ ಸಿಗದಂತೆ ನೋಡಿಕೊಂಡರಾಯಿತು. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಮೊದಲಾದವರು ತರುವ ಮಕ್ಕಳ ಕನ್ನಡ ಚಿತ್ರಪುಸ್ತಕಗಳು ಒಂದು ಚಾಕೊಲೇಟ್ ಡಬ್ಬದ ಬೆಲೆಗೆ ಹಲವು ಬರುತ್ತವೆ.

ದೊಡ್ಡವಳಿಗೆ ಸೈಕಲ್ಲೋ ಸ್ಕೇಟಿಂಗ್ ಬೂಟೋ ಕೊಡಿಸುವ ಯೋಚನೆಯಿದ್ದರೆ ಬಹಳ ಸಂತೋಷ. ಆದರೆ ಹಲ್ಲಿನ ವೈದ್ಯೆಯಾಗಿ ನಾನಿಲ್ಲಿ ಒಂದು ಕ್ಷಣ ತಡೆಯಬೇಕು, ಏಕೆಂದರೆ ಶಾಶ್ವತ ಬಾಚಿಹಲ್ಲುಗಳು 7 ಅಥವಾ 8ನೇ ವರ್ಷಕ್ಕೆ ಬಂದುಬಿಟ್ಟಿರುತ್ತವೆ, ಸೈಕಲ್ಲಿನಿಂದ ಮುಖ ಅಡಿಯಾಗಿ ಬಿದ್ದರೆ ಮೊದಲು ಹೋಗುವವು ಅವೇ. ಸೈಕಲ್ಲಿನ ಜೊತೆಗೆ ಹೆಲ್ಮೆಟ್ಟನ್ನೂ, ಸ್ಕೇಟಿಂಗಿಗಾದರೆ ಮೌತ್‌ಗಾರ್ಡನ್ನೂ ಸೇರಿಸಿಯೇ ಉಡುಗೊರೆ ಎನ್ನಿ. ಎಂದಾದರೂ ಶಾಶ್ವತ ಹಲ್ಲು ಬೇರುಸಹಿತ ಕಳಚಿ ಬಿದ್ದರೆ, ಬೇರನ್ನು ಮುಟ್ಟದೆ ಬಿಳಿಯ ಭಾಗವನ್ನು ಮಾತ್ರ ಹಿಡಿದು, ಉಜ್ಜದೆ, ಮಣ್ಣಿದ್ದರೆ ಹಾಲಿನಲ್ಲಿ ಅದ್ದಿ ತೆಗೆದು, ಸಾಧ್ಯವಾದರೆ ಅಲ್ಲಿಯೇ ಅದರ ಗುಳಿಗೆ ಕೂರಿಸಿ, ಬಟ್ಟೆಯೊಂದನ್ನು ಕಚ್ಚಿಸಿಕೊಂಡು ದಂತವೈದ್ಯರ ಬಳಿಗೆ ಓಡಬೇಕು. ಕೂರಿಸಲಾಗದಿದ್ದರೆ ಹಲ್ಲನ್ನು ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಬರಬೇಕು. ಅರ್ಧ ಗಂಟೆಯೊಳಗೆ ಬಂದರೆ ಒಳ್ಳೆಯದು, ಒಂದು ಗಂಟೆ ಮೀರಿದರೆ ಆಸೆ ಕಡಿಮೆ. ಹಾಲುಹಲ್ಲು ಬಿದ್ದರೆ ಮಾತ್ರ ಮರಳಿ ಕೂರಿಸಬಾರದು, ಒಳಗಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ.

ಮಕ್ಕಳ ಕೈಗೆ ದುಡ್ಡು ಕೊಟ್ಟುಬಿಡುವುದು ಹಿರಿಯರಿಗೆ ಸುಲಭ. ಆದರೆ ಆ ನೋಟು ಬೀದಿ ಕೊನೆಯ ಅಂಗಡಿಗೆ ಹೋಗಿ ಯಾವ ರೂಪದಲ್ಲಿ ಮರಳಿ ಬರುತ್ತದೆಂಬುದು ನಿಮಗೂ ಗೊತ್ತು.

ಟೂತ್‌ಬ್ರಷ್ಷನ್ನೇ ಉಡುಗೊರೆಯಾಗಿ ಕೊಟ್ಟರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ನಾನೊಮ್ಮೆ ನನ್ನ ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಒಳ್ಳೆಯ ಬ್ರಷ್ಷನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟೆ. ಅವನಿಗೆ ಈಗ ಮದುವೆಯ ವಯಸ್ಸು, ಆದರೂ ಆ ಮಾತು ತೆಗೆಯುವುದನ್ನು ಬಿಟ್ಟಿಲ್ಲ. ಬ್ರಷ್ಷು ಉಡುಗೊರೆಯಾಗಬಾರದು, ಆದರೆ ಉಡುಗೊರೆಯ ಜೊತೆಗೆ ಹೋಗಬಹುದು. ನೀರು ತುಂಬುವ ಹಬ್ಬದ ರಾತ್ರಿ, ಮರುದಿನದ ಎಣ್ಣೆಸ್ನಾನದ ಸಾಮಾನುಗಳ ಜೊತೆಗೆ ಮೂವರಿಗೂ ಹೊಸ ಬ್ರಷ್ಷು, ಎರಡು ನಿಮಿಷದ ಒಂದು ಮರಳು ಗಡಿಯಾರ ತೆಗೆದಿಟ್ಟರೆ ಅದು ಹಬ್ಬದ ಸಂಭ್ರಮದಲ್ಲಿ ಸೇರಿಹೋಗುತ್ತದೆ.

ಪೇಸ್ಟ್ ಕೊಳ್ಳುವುದಾದರೆ ಕಾರ್ಟೂನ್ ಚಿತ್ರವನ್ನು ನೋಡಿ ಕೊಳ್ಳಬೇಡಿ. ನಮ್ಮಲ್ಲಿ ಟೂತ್‌ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮೀರುವಂತಿಲ್ಲ, ಹುಳುಕನ್ನು ತಡೆಯಲು ಸುಮಾರು ಅಷ್ಟು ಬೇಕೂ ಬೇಕು. ಮಕ್ಕಳದೆಂದು ಮಾರುವ ಹಲವು ಪೇಸ್ಟುಗಳಲ್ಲಿ ಅದರ ಅರ್ಧವಿರುತ್ತದೆ, ಕೆಲವಲ್ಲಿ ಇರುವುದೇ ಇಲ್ಲ. ನಿಮ್ಮ ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಹಲ್ಲು ಕಂದುಗಟ್ಟಿದವರನ್ನು ನೀವು ಕಂಡಿರುತ್ತೀರಿ, ಆ ಭಯ ನನಗೂ ಅರ್ಥವಾಗುತ್ತದೆ. ಅದು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದ ನೀರನ್ನು ಬಾಲ್ಯದುದ್ದಕ್ಕೂ ಕುಡಿದದ್ದರ ಫಲ. ಪೇಸ್ಟನ್ನು ಕುಡಿಯುವುದಿಲ್ಲ, ಉಗುಳುತ್ತೇವೆ. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿ ಕಾಳಿನಷ್ಟು ಪೇಸ್ಟನ್ನು ದೊಡ್ಡವರೇ ಬ್ರಷ್ಷಿಗೆ ಹಾಕಿಕೊಟ್ಟು, ದೊಡ್ಡವರೇ ಉಜ್ಜಿದರೆ ಆತಂಕಕ್ಕೆ ಎಡೆಯಿಲ್ಲ.

ಕೊನೆಗೆ ಸಂಕ್ರಾಂತಿ. ಎಳ್ಳುಬೆಲ್ಲವನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಎಳ್ಳು, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಇವೆಲ್ಲ ಹಲ್ಲಿಗೆ ತೊಂದರೆ ಕೊಡದವು, ಬೆಲ್ಲದ ಅಚ್ಚನ್ನು ಸ್ವಲ್ಪ ಕಡಿಮೆ ಹೆಚ್ಚಿ ಹಾಕಿ, ಉಳಿದದ್ದನ್ನು ಹೆಚ್ಚಿಸಿದರೆ ಸಾಕು. ಚಿಕ್ಕವಳ ಪಾಲನ್ನು ಕುಟ್ಟಿ ಪುಡಿಮಾಡಿ. ಸಕ್ಕರೆ ಅಚ್ಚಿನ ಸಮಸ್ಯೆ ಬೇರೆ: ಅದು ಬರೀ ಸಕ್ಕರೆ, ಮತ್ತು ಆನೆಯನ್ನೋ ಬಸವನನ್ನೋ ಮುರಿಯಲು ಮನಸ್ಸು ಬಾರದೆ ಮಕ್ಕಳು ಅದನ್ನು ನಾಲ್ಕಾರು ದಿನ ನೆಕ್ಕುತ್ತಾ ತಿರುಗುತ್ತಾರೆ. ಒಬ್ಬೊಬ್ಬರಿಗೆ ಒಂದರಂತೆ ಮೂರೇ ಅಚ್ಚು ಕಳಿಸಿ, ಪೂಜೆಯಾದ ಮೇಲೆ ಅದನ್ನು ಮುರಿದು ಎಳ್ಳಿನ ಜೊತೆ ಅಂದೇ ತಿಂದು ಮುಗಿಸಲಿ. ಮಿಕ್ಕಂತೆ ಈ ವರ್ಷ ಆ ಮರದ ಅಚ್ಚುಗಳಲ್ಲಿ ಎರಡು ಮೂರು ಜೋಡಿಯನ್ನೇ ಹುಡುಗನಿಗೆ ಕಳಿಸಿಕೊಡಿ. ಅಚ್ಚನ್ನು ನೀರಿನಲ್ಲಿ ನೆನೆಸಿ, ಸಕ್ಕರೆ ಪಾಕದ ಬದಲು ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟನ್ನು ಒತ್ತಿ, ಎರಡು ಹೋಳುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲನೆ ಬಿಡಿಸಿದರೆ ಆನೆ ಸೊಂಡಿಲು ಸಮೇತ ಹೊರಬರುತ್ತದೆ. ಸೊಂಡಿಲು ಮುರಿಯದಂತೆ ಬಿಡಿಸುವ ಉಪಾಯ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ, ಅದನ್ನು ಅವನಿಗೆ ಫೋನಿನಲ್ಲಿ ಹೇಳಿಕೊಡಿ.